ಸಂಪಾದಕರ ಉತ್ತರ: ಚಪ್ಪಾಳೆ ತಟ್ಟಿದರೆ ಸಂಗೀತ ಬರುತ್ತದೆಯೇ?

(ಹಾಸನದ ಓದುಗರೊಬ್ಬರ ಪತ್ರದ ಸಾರ: ಮೂರನೆಯ ತರಗತಿಯ ಮಗಳಿಗೆ ವಾರಕ್ಕೊಂದು ಸಂಗೀತದ ಪೀರಿಯಡ್ ಇದೆ. ಚಪ್ಪಾಳೆ, ಚಿಟಿಕೆ, ತೊಡೆ ತಟ್ಟುವುದು, ಬಾಯಲ್ಲಿ ಗಾಳಿ ಮಳೆಯ ಸದ್ದು ಮಾಡುವುದು, ಅಲ್ಲಿ ನಡೆದಿರುವುದು ಇಷ್ಟೇ. ಸ್ವರಾಭ್ಯಾಸದ ಮೊದಲ ಪಾಠವಾದ ಸರಳೆಯೂ ಇಲ್ಲ, ದೇವರನಾಮವೂ ಇಲ್ಲ. ಕೀಬೋರ್ಡ್ ಕೊಳ್ಳುವಂತೆ ಪೋಷಕರೆಲ್ಲ ಸೇರಿ ಮುಖ್ಯೋಪಾಧ್ಯಾಯರಿಗೆ ಮನವಿ ಕೊಡಲಿದ್ದಾರೆ. ಇದು ಸಂಗೀತ ಪಾಠವೋ, ಹೊತ್ತು ಕಳೆಯುವ ಆಟವೋ ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ನಿಮ್ಮ ಆತಂಕದಲ್ಲಿ ಹುರುಳೇ ಇಲ್ಲವೆನ್ನಲಾರೆ. ಏನನ್ನೂ ಸಿದ್ಧಪಡಿಸಿಕೊಳ್ಳದೆ ತರಗತಿಗೆ ಬಂದು, ಗಂಟೆ ಹೊಡೆಯುವವರೆಗೆ ಮಕ್ಕಳಿಂದ ಚಪ್ಪಾಳೆ ತಟ್ಟಿಸುವ ಶಿಕ್ಷಕರೂ ಇದ್ದಾರೆ. ಸ್ವರಜ್ಞಾನಕ್ಕೆ ಅದರದೇ ಆದ ಶಿಸ್ತು ಬೇಕೆಂಬುದೂ ನಿಜ. ಆದರೆ ನೀವು ವರ್ಣಿಸಿರುವ ತರಗತಿ ಅಂಥದ್ದೆಂದು ನನಗೆ ಅನ್ನಿಸಲಿಲ್ಲ. ನಿಮ್ಮ ಮಗಳು ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ‘ತಕಿಟ ತಕಧಿಮಿ’ ಹೇಳುತ್ತಾ ತೊಡೆ ತಟ್ಟುತ್ತಾಳೆಂದು ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ‘ತಕಿಟ’ದ ಮೂರು ಮತ್ತು ‘ತಕಧಿಮಿ’ಯ ನಾಲ್ಕನ್ನು ಕೂಡಿಸಿ ಏಳು ಮಾತ್ರೆಯ ನಡೆಯನ್ನು ತಪ್ಪದೆ ಹಿಡಿದಿರುವ ಎಂಟು ವರ್ಷದ ಹುಡುಗಿಯ ಬಗ್ಗೆ ಯಾರಾದರೂ ದೂರುತ್ತಾರೆಯೇ?

ಮೈಯಿಂದ ಹೊರಡುವ ಸದ್ದನ್ನೇ ಮೊದಲ ಪಾಠವಾಗಿಸುವುದು ಇಂದು ನಿನ್ನೆಯ ಹುಚ್ಚಲ್ಲ. 1924ರಲ್ಲಿ ಡೊರೊಥೀ ಗುಂಟರ್ ಅವರೊಡನೆ ಮ್ಯೂನಿಕ್‌ನಲ್ಲಿ ಶಾಲೆಯೊಂದನ್ನು ತೆರೆದ ಸಂಗೀತ ರಚನಕಾರ ಕಾರ್ಲ್ ಓರ್ಫ್, ಮುಂದೆ ಗುನಿಲ್ಡ್ ಕೇಟ್‌ಮನ್ ಜೊತೆಗೂಡಿ ರೂಪಿಸಿದ ಮಕ್ಕಳ ಸಂಗೀತ ಪದ್ಧತಿಯಲ್ಲಿ ಚಿಟಿಕೆ, ಚಪ್ಪಾಳೆ, ತೊಡೆ, ಪಾದ ಎಂಬ ನಾಲ್ಕು ಸದ್ದುಗಳಿಗೆ ದೊಡ್ಡ ಸ್ಥಾನವಿದೆ. ಅವು ತೆಳುವಾದ ದನಿಯಿಂದ ದಪ್ಪ ದನಿಗೆ ಕ್ರಮವಾಗಿ ಇಳಿಯುತ್ತವೆ. ಮಕ್ಕಳು ಮೈಯಲ್ಲಿ ಕಲಿತ ಲಯವನ್ನು ಆಮೇಲೆ ವಾದ್ಯಕ್ಕೆ ದಾಟಿಸುತ್ತಾರೆ. ಹಂಗೇರಿಯ ಜೋಲ್ತಾನ್ ಕೊಡಾಯ್ ಮಗುವಿನ ಕಂಠವನ್ನೇ ಸಂಗೀತ ಶಿಕ್ಷಣದ ತಳಹದಿಯಾಗಿಸಿದರು; ಅವರ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ 1950ರಲ್ಲಿ ಹಾಡುವುದಕ್ಕೇ ಪ್ರಾಶಸ್ತ್ಯ ಕೊಟ್ಟ ಪ್ರಾಥಮಿಕ ಶಾಲೆ ಆರಂಭವಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೃದಂಗದ ಮನೆಪಾಠದಲ್ಲಿ ಕೂತು ನೋಡಿ: ಪಾಠವನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಒಪ್ಪಿಸಿದ ಮೇಲೆಯೇ ಬೆರಳು ವಾದ್ಯದ ಮೇಲೆ ಬೀಳುತ್ತದೆ. ಯಕ್ಷಗಾನ ಕಲಿಯುವ ಹುಡುಗರಿಗೆ ಗುರುಗಳು ಬಾಯಿತಾಳ, ಅಂದರೆ ತಾಳದ ನುಡಿಗಳನ್ನು ಬಾಯಲ್ಲಿ ಹೇಳಿಯೇ ಹೆಜ್ಜೆ ಕಲಿಸುತ್ತಾರೆ. ನೀವು ಕೇಳುವ ಸರಳೆ ವರಸೆಯನ್ನೇ ತೆಗೆದುಕೊಳ್ಳಿ. ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಹಾಡುವ ಮಗು ಆದಿತಾಳದ ಎಂಟು ಅಕ್ಷರಗಳನ್ನು (ಎಣಿಕೆಗಳನ್ನು) ಎಲ್ಲಿ ಎಣಿಸುತ್ತದೆ? ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ಅಂಗೈ ಮೇಲೆ, ಇನ್ನೊಮ್ಮೆ ಪೆಟ್ಟು, ಅಂಗೈ ಮೇಲೆ. ಎಲ್ಲವೂ ತೊಡೆಯ ಮೇಲೆಯೇ. ನಿಮಗೆ ಆಟವಾಗಿ ಕಂಡದ್ದಕ್ಕೂ ಪಾಠವಾಗಿ ಕಾಣುವುದಕ್ಕೂ ನಡುವೆ ಇರುವ ಅಂತರ ಇಷ್ಟೇ.

ಕಳೆದ ಮಳೆಗಾಲದಲ್ಲಿ ಹಳ್ಳಿಯ ಶಾಲೆಯೊಂದರಲ್ಲಿ ‘ಮಳೆ’ಯ ಪಾಠವನ್ನು ನೋಡಿದೆ. ಮೊದಲು ಅಂಗೈ ಉಜ್ಜಿ ಗಾಳಿ, ಬಳಿಕ ಹನಿ, ತೊಡೆ ತಟ್ಟಿ ಜೋರು ಮಳೆ, ನೆಲ ಗುದ್ದಿ ಗುಡುಗು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಮೊದಲ ಹನಿಗೆ ಯಾವ ಸದ್ದು ಹೊಂದುತ್ತದೆಂದು ಜಗಳವೇ ನಡೆಯಿತು. ಚಿಟಿಕೆಯೆಂದರು ಕೆಲವರು, ಅಂಗೈ ಮೇಲೆ ಎರಡೇ ಬೆರಳೆಂದರು ಇನ್ನು ಕೆಲವರು. ಚಿಟಿಕೆ ಹೊಡೆಯಲು ಬಾರದ ಪುಟ್ಟ ಹುಡುಗನೊಬ್ಬ ನಾಲಿಗೆಯಿಂದ ಲೊಚಗುಟ್ಟಿ ತೋರಿಸಿದ, ಅದೇ ಗೆದ್ದಿತು. ಅಂಗೈಯನ್ನು ಬಟ್ಟಲಾಗಿಸಿ ತಟ್ಟಿದರೆ ದನಿ ತಗ್ಗುತ್ತದೆ, ಚಪ್ಪಟೆಯಾಗಿ ತಟ್ಟಿದರೆ ಸಿಡಿಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ, ಅವರೇ ಕಂಡುಕೊಂಡರು. ನಾದದ ಗುಣವನ್ನು ಹೀಗೆ ಕಿವಿಗೊಟ್ಟು ವಿಂಗಡಿಸುವ ಕೆಲಸವನ್ನು ಗುಂಡಿ ಒತ್ತಿದೊಡನೆ ಸಿದ್ಧ ಸ್ವರ ಕೊಡುವ ಕೀಬೋರ್ಡ್ ಮಕ್ಕಳಿಂದ ಮಾಡಿಸುವುದಿಲ್ಲ.

ದನಿಯ ವಿಷಯದಲ್ಲಂತೂ ನಮ್ಮ ಶಾಲೆಗಳು ನಡೆದುಕೊಳ್ಳುವ ರೀತಿಯನ್ನು ನೆನೆದರೆ ಸಿಟ್ಟು ಬರುತ್ತದೆ. ಶಿಕ್ಷಕರು ತಮ್ಮ ಶ್ರುತಿಯಲ್ಲಿ ಹಾಡುತ್ತಾರೆ. ಆ ಶ್ರುತಿಗೆ ಇಳಿಯಲಾರದ ಎಳೆಯ ಕಂಠಗಳು ಅರಚುತ್ತವೆ, ಇಲ್ಲವೇ ಸುಮ್ಮನಾಗುತ್ತವೆ. ಸುಮ್ಮನಾದವರಿಗೆ ‘ಕಂಠವಿಲ್ಲ’ ಎಂಬ ಹಣೆಪಟ್ಟಿ. ನಾಡಹಬ್ಬದ ಸಮೂಹಗಾನದಲ್ಲಿ ನಿಮ್ಮನ್ನು ಹಿಂದಿನ ಸಾಲಿಗೆ ನಿಲ್ಲಿಸಿ ತುಟಿ ಮಾತ್ರ ಆಡಿಸಲು ಹೇಳಿದ್ದರೆಂದು ಬರೆದಿದ್ದೀರಿ. ಪತ್ರದಲ್ಲಿ ನನ್ನ ಮನಸ್ಸಿಗೆ ಬಹಳ ತಟ್ಟಿದ, ನೀವು ಮಾತ್ರ ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟ ಸಂಗತಿ ಅದು. ಪಿಸುಮಾತು, ಗುನುಗು, ಕೂಗು, ಸೈರನ್ನಿನಂತೆ ತಳದಿಂದ ತುದಿಗೆ ಜಾರುವ ದನಿ, ಇವನ್ನೆಲ್ಲ ಆಡಿ ನೋಡುವ ಮಗುವಿಗೆ ತನ್ನ ಕಂಠ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯುತ್ತದೆ. ಶ್ರುತಿ ಸೇರಿಸುವುದು ಆಮೇಲಿನ ಮಾತು. ನಿಮಗೆ ಆ ಅವಕಾಶ ಯಾರೂ ಕೊಡಲಿಲ್ಲ. ಮಗಳಿಗೆ ಸಿಕ್ಕಿರುವುದನ್ನು ನೀವೇ ತಪ್ಪಿಸಹೊರಟಿದ್ದೀರಿ.

ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ನಮ್ಮಲ್ಲಿ ಆದದ್ದೇನು? ಸಂಗೀತ ಶಾಲಾ ವಾರ್ಷಿಕೋತ್ಸವಕ್ಕೆ, ಸ್ಪರ್ಧೆಯ ಬಹುಮಾನಕ್ಕೆ, ಅತಿಥಿಗಳ ಸ್ವಾಗತಗೀತೆಗೆ ಮೀಸಲಾಯಿತು. ಹಾರ್ಮೋನಿಯಂ ಕಚೇರಿಯ ಬೀರುವಿನೊಳಗೆ ಸೇರಿತು, ಅದರ ಕೀಲಿ ಗುಮಾಸ್ತರ ಕೈಗೆ ಹೋಯಿತು. ನೀವು ಕೊಡಿಸುವ ಕೀಬೋರ್ಡ್‌ಗೆ ಬೇರೆ ಗತಿ ಕಾದಿದೆಯೆಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ. ಕಿರುಪರೀಕ್ಷೆ ಹತ್ತಿರವಾದರೆ ಸಂಗೀತದ ಆ ಒಂದು ಪೀರಿಯಡ್ಡೂ ಗಣಿತಕ್ಕೆ ಹೋಗುತ್ತದೆ. ಪಾದದಲ್ಲಿ ನಾಲ್ಕರ ನಡೆ, ಕೈಯಲ್ಲಿ ಮೂರರ ನಡೆ ಇಟ್ಟುಕೊಂಡು ಹನ್ನೆರಡು ಮಾತ್ರೆಗೊಮ್ಮೆ ಎರಡನ್ನೂ ಕೂಡಿಸುವ ಮಕ್ಕಳು ಲಘುತಮ ಸಾಮಾನ್ಯ ಅಪವರ್ತ್ಯವನ್ನೇ ಮಾಡುತ್ತಿರುತ್ತಾರೆಂದು ಆ ಗಣಿತದ ಮೇಷ್ಟರಿಗೆ ಯಾರು ಹೇಳಬೇಕು?

ಮನವಿ ಕೊಡಲೇಬೇಕೆಂದಿದ್ದರೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ಒಂದು ದಿನ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಈ ಸದ್ದುಗಳಿಂದ ಮುಂದೆ ಸ್ವರಕ್ಕೆ ಹೇಗೆ ಹೋಗುತ್ತೀರೆಂದು ಶಿಕ್ಷಕಿಯನ್ನೇ ಕೇಳಿ. ಅವರು ಉತ್ತರಿಸಲು ತಡವರಿಸಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಸರಿಯಾದ ಉತ್ತರವನ್ನೇ ಕೊಟ್ಟರೆ, ಮನವಿಯಲ್ಲಿ ಕೀಬೋರ್ಡ್ ಎಂದಿರುವಲ್ಲಿ ವಾರಕ್ಕೆ ಇನ್ನೊಂದು ಪೀರಿಯಡ್ ಎಂದು ತಿದ್ದಿ, ಪರೀಕ್ಷೆಯ ಕಾಲದಲ್ಲೂ ಅದನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಸೇರಿಸಿ.

- ಸಂಪಾದಕ