ಇಂಧನ ನಮ್ಮದಾದರೆ ಬೆಲೆಯೂ ಇಳಿಯುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

2021ರ ಆಗಸ್ಟ್ 15ರಂದು ಕೆಂಪು ಕೋಟೆಯಿಂದ ಮಾತನಾಡಿದ ಪ್ರಧಾನಿಯವರು, ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬುವ 2047ರ ಒಳಗೆ ಭಾರತ ಇಂಧನದಲ್ಲಿ ಸ್ವಾವಲಂಬಿಯಾಗಬೇಕೆಂಬ ಗುರಿಯನ್ನು ಘೋಷಿಸಿದರು. ಆ ಗುರಿ ಮತ್ತು ಮನೆಯ ಖರ್ಚು, ಇವೆರಡರ ಸಂಬಂಧವನ್ನು ಕುರಿತು ಓದುಗರು ಕೇಳಿರುವ ಐದು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಎರಡು ಲಾರಿ ಇಟ್ಟುಕೊಂಡಿದ್ದೇನೆ. ಕಚ್ಚಾ ತೈಲ ಅಗ್ಗವಾಯಿತೆಂದು ಪತ್ರಿಕೆಯಲ್ಲಿ ಓದುತ್ತೇನೆ, ಆದರೆ ಬಂಕಿನಲ್ಲಿ ಡೀಸೆಲ್ ದರ ಅಲ್ಲಾಡುವುದಿಲ್ಲ. ನಮ್ಮಲ್ಲಿ ದೊಡ್ಡ ದೊಡ್ಡ ರಿಫೈನರಿಗಳಿವೆ, ಹೊರದೇಶಗಳಿಗೂ ಡೀಸೆಲ್ ಮಾರುತ್ತೇವೆ. ನಮ್ಮ ನೆಲದಲ್ಲೇ ಬೇಕಾದಷ್ಟು ತೈಲ ಸಿಕ್ಕಿದರೆ ಡೀಸೆಲ್ ಅರ್ಧ ಬೆಲೆಗೆ ಬರುವುದಿಲ್ಲವೇ?
— ಹುಬ್ಬಳ್ಳಿಯ ಲಾರಿ ಮಾಲೀಕರು

ಉತ್ತರ: ತೈಲ ಎಲ್ಲಿಂದ ಬರುತ್ತದೆ ಎನ್ನುವುದು ಒಂದು ಪ್ರಶ್ನೆ, ಅದರ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದೂ ತಾನಾಗಿ ಪರಿಹಾರವಾಗುತ್ತದೆ ಎಂದು ಅನೇಕರು ನಂಬಿದ್ದಾರೆ, ಆದರೆ ಹಾಗಾಗುವುದಿಲ್ಲ.

ನಮ್ಮ ರಿಫೈನರಿಗಳು ವರ್ಷಕ್ಕೆ 25 ಕೋಟಿ ಟನ್‌ಗೂ ಹೆಚ್ಚು ತೈಲ ಸಂಸ್ಕರಿಸಬಲ್ಲವು. ಮಂಗಳೂರಿನ ಎಂಆರ್‌ಪಿಎಲ್ ಒಂದರ ಸಾಮರ್ಥ್ಯವೇ 1.5 ಕೋಟಿ ಟನ್. ಆದರೆ ಅವುಗಳಿಗೆ ಬೇಕಾದ ಕಚ್ಚಾ ತೈಲದಲ್ಲಿ ನಮ್ಮ ನೆಲದ್ದು ಬಹಳ ಕಡಿಮೆ. 2023–24ರಲ್ಲಿ ದೇಶದೊಳಗೆ ಸಿಕ್ಕಿದ್ದು ಸುಮಾರು 2.9 ಕೋಟಿ ಟನ್, ಹೊರಗಿನಿಂದ ತರಿಸಿದ್ದು ಸುಮಾರು 23 ಕೋಟಿ ಟನ್. 2011–12ರಲ್ಲಿ ದೇಶೀಯ ಉತ್ಪಾದನೆ 3.8 ಕೋಟಿ ಟನ್‌ನಷ್ಟಿತ್ತು. 1974ರಲ್ಲಿ ಮುಂಬೈ ಬಳಿಯ ಸಮುದ್ರದಲ್ಲಿ ಪತ್ತೆಯಾದ ಬಾಂಬೆ ಹೈ ತೈಲ ನಿಕ್ಷೇಪ ಬರಿದಾಗುತ್ತ ಬಂದಿದೆ, 2004ರಲ್ಲಿ ರಾಜಸ್ಥಾನದ ಬಾಡಮೇರ್‌ನಲ್ಲಿ ಸಿಕ್ಕ ಮಂಗಳಾ ನಿಕ್ಷೇಪವೂ ಆ ಕೊರತೆಯನ್ನು ತುಂಬಲಿಲ್ಲ.

ನಾಳೆ ಹೊಸ ನಿಕ್ಷೇಪ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಎನ್‌ಜಿಸಿಯಂತಹ ಸಂಸ್ಥೆಗಳು ಇಲ್ಲಿ ತೆಗೆದ ತೈಲವನ್ನು ಇಲ್ಲಿನ ರಿಫೈನರಿಗಳಿಗೆ ಮಾರುವುದು ಕೂಡ ಅಂತರರಾಷ್ಟ್ರೀಯ ದರಕ್ಕೆ ಹೊಂದಿಕೊಂಡ ಬೆಲೆಗೇ. ಆದ್ದರಿಂದ ದೇಶೀಯ ತೈಲದ ಲಾಭ ಮೊದಲು ಕಾಣಿಸುವುದು ವಿದೇಶಿ ವಿನಿಮಯದಲ್ಲಿ, ಬಂಕಿನಲ್ಲಿ ಅಲ್ಲ. ಆ ಲಾಭವನ್ನು ಹಗುರವಾಗಿ ಕಾಣಬಾರದು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿ ತೈಲದ ಬೆಲೆ ಏರಿದಾಗ ನಮ್ಮ ವಿನಿಮಯ ಸಂಗ್ರಹ ಎಷ್ಟು ಬೇಗ ಕರಗಿತೆಂದರೆ, ಮರುವರ್ಷ ದೇಶದ ಚಿನ್ನವನ್ನು ಒತ್ತೆಯಿಡಬೇಕಾಗಿ ಬಂತು.

ಇನ್ನು ಬಂಕಿನ ಲೆಕ್ಕ. ಒಂದು ಪೀಪಾಯಿಯಲ್ಲಿ ಸುಮಾರು 159 ಲೀಟರ್ ಕಚ್ಚಾ ತೈಲವಿರುತ್ತದೆ. ಪೀಪಾಯಿಗೆ 70 ಡಾಲರ್, ಡಾಲರಿಗೆ 86 ರೂಪಾಯಿ ಎಂದುಕೊಂಡರೆ ಲೀಟರಿಗೆ ಸುಮಾರು 38 ರೂಪಾಯಿ ಬೀಳುತ್ತದೆ. ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ ಇವೆಲ್ಲ ಸೇರಿದ ಮೇಲೆ ಕೇಂದ್ರದ ಅಬಕಾರಿ ಸುಂಕ ಕೂಡುತ್ತದೆ. 2025ರ ಏಪ್ರಿಲ್‌ನ ಪರಿಷ್ಕರಣೆಯಂತೆ ಇದು ಡೀಸೆಲ್‌ಗೆ ಲೀಟರಿಗೆ 17.80 ರೂಪಾಯಿ, ಪೆಟ್ರೋಲ್‌ಗೆ 21.90 ರೂಪಾಯಿ ಇತ್ತು. ಈ ಸುಂಕವೂ ಸೇರಿದ ಮೊತ್ತದ ಮೇಲೆ ರಾಜ್ಯದ ಮಾರಾಟ ತೆರಿಗೆ ಬೀಳುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಈ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಒಟ್ಟಿನಲ್ಲಿ ಲೀಟರಿಗೆ ಸುಮಾರು 91 ರೂಪಾಯಿ ತೆತ್ತವರು ಎರಡೂ ಸರ್ಕಾರಗಳಿಗೆ ಸೇರಿ 33 ರೂಪಾಯಿಗೂ ಹೆಚ್ಚು ಕೊಟ್ಟಂತಾಯಿತು.

ಕಚ್ಚಾ ತೈಲ ಇಳಿದಾಗ ಡೀಸೆಲ್ ಏಕೆ ಇಳಿಯಲಿಲ್ಲ ಎಂಬುದಕ್ಕೆ 2020ನೇ ಇಸವಿಯೇ ಉತ್ತರ. ಕೋವಿಡ್ ಕಾಲದಲ್ಲಿ ತೈಲ ಪೀಪಾಯಿಗೆ 20 ಡಾಲರಿನ ಆಸುಪಾಸಿಗೆ ಕುಸಿದಾಗ, ಮೇ ತಿಂಗಳಲ್ಲಿ ಕೇಂದ್ರವು ಸುಂಕವನ್ನು ಪೆಟ್ರೋಲ್‌ಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಏರಿಸಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಅದನ್ನು ಇಳಿಸಲಾಯಿತು ಎಂಬುದೂ ನಿಜ. 2017ರ ಜೂನ್‌ನಿಂದ ದಿನವೂ ಬದಲಾಗಬೇಕಿದ್ದ ದರವನ್ನು ತೈಲ ಕಂಪನಿಗಳು 2022ರ ಏಪ್ರಿಲ್‌ನಿಂದ ತಡೆಹಿಡಿದವು. ತೈಲ ದುಬಾರಿಯಾಗಿದ್ದಾಗ ನಷ್ಟವನ್ನು ಅವು ಹೊತ್ತವು, ಅಗ್ಗವಾದ ಮೇಲೆ 2023–24ರಲ್ಲಿ ಸರ್ಕಾರಿ ಸ್ವಾಮ್ಯದ ಮೂರು ಕಂಪನಿಗಳು ಸೇರಿ ಸುಮಾರು 80 ಸಾವಿರ ಕೋಟಿ ರೂಪಾಯಿ ಲಾಭ ಗಳಿಸಿದವು.

ಇಂಧನದ ಮೇಲೆ ತೆರಿಗೆಯೇ ತಪ್ಪೆಂದು ನಾನು ಹೇಳಲಾರೆ. 2005ರಿಂದ 2010ರ ನಡುವೆ ಅಗ್ಗದ ಡೀಸೆಲ್ ಕೊಡಲು ತೈಲ ಬಾಂಡ್‌ಗಳ ಮೂಲಕ ಮಾಡಿದ ಸಾಲವನ್ನು 2025–26ರವರೆಗೂ ತೀರಿಸಬೇಕಾಯಿತು. ಆ ದಾರಿಗೆ ಮರಳುವುದು ಬೇಡ. ಆದರೆ ಬೆಲೆ ಏರಿದಾಗ ಗ್ರಾಹಕನ ಪಾಲಿಗೆ, ಇಳಿದಾಗ ಖಜಾನೆಯ ಪಾಲಿಗೆ ಎಂಬ ಕ್ರಮ ನ್ಯಾಯವಲ್ಲ. ಕಚ್ಚಾ ತೈಲದ ಒಂದು ಮಟ್ಟವನ್ನು ಮೊದಲೇ ಗೊತ್ತುಮಾಡಿ, ಅದಕ್ಕಿಂತ ಮೇಲೇರಿದರೆ ಸುಂಕ ತಾನಾಗಿ ಇಳಿಯುವಂತೆಯೂ, ಕೆಳಗಿಳಿದರೆ ಲಾಭದಲ್ಲಿ ಇಂತಿಷ್ಟು ಪಾಲು ಬಂಕಿಗೆ ತಲುಪುವಂತೆಯೂ ನಿಯಮ ಮಾಡಿದರೆ, ವರ್ಷವಿಡೀ ಬಾಡಿಗೆ ಒಪ್ಪಂದ ಮಾಡಿಕೊಳ್ಳುವ ನಿಮ್ಮಂಥವರಿಗೆ ಮುಂದಿನ ಲೆಕ್ಕವಾದರೂ ಸಿಗುತ್ತದೆ.

ಪ್ರಶ್ನೆ: ಪೆಟ್ರೋಲ್ ಜಿಎಸ್‌ಟಿಗೆ ಬರುವುದಕ್ಕೆ ಸಂವಿಧಾನವೇ ಅಡ್ಡಿಯಂತೆ, ಹೌದೇ?
— ತುಮಕೂರಿನ ಕಾನೂನು ವಿದ್ಯಾರ್ಥಿನಿ

ಉತ್ತರ: ಅಡ್ಡಿಯಿಲ್ಲ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ ಮತ್ತು ವಿಮಾನ ಇಂಧನಗಳಿಗೆ ಜಿಎಸ್‌ಟಿ ಯಾವ ದಿನದಿಂದ ಅನ್ವಯಿಸಬೇಕೆಂದು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು ಎಂದು 279ಎ ವಿಧಿಯ 5ನೇ ಖಂಡ ಹೇಳುತ್ತದೆ. ಕೇಂದ್ರವೂ ರಾಜ್ಯಗಳೂ ತಮ್ಮ ಕೈಯಲ್ಲಿ ಉಳಿದಿರುವ ದೊಡ್ಡ ಆದಾಯವನ್ನು ಬಿಡಲು ಸಿದ್ಧವಿಲ್ಲದಿರುವುದೇ ವಿಳಂಬಕ್ಕೆ ಕಾರಣ.

ಪ್ರಶ್ನೆ: ನಮ್ಮೂರ ಹತ್ತಿರ ಪಾದೂರಿನಲ್ಲಿ ನೆಲದಡಿ ತೈಲ ಸಂಗ್ರಹಿಸಿದ್ದಾರೆ. ಬಂಡೆಯ ಗುಹೆಯಿಂದ ತೈಲ ಸೋರುವುದಿಲ್ಲವೇ? ಯುದ್ಧವಾದರೆ ಅದು ಎಷ್ಟು ದಿನಕ್ಕೆ ಸಾಕು?
— ಕಾಪು ತಾಲ್ಲೂಕಿನ ಪದವಿ ವಿದ್ಯಾರ್ಥಿ

ಉತ್ತರ: ಗುಹೆಗಳನ್ನು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ ಗಟ್ಟಿ ಶಿಲೆಯಲ್ಲಿ ಕೊರೆಯುತ್ತಾರೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗಬಹುದೇ ಹೊರತು ತೈಲ ಹೊರಕ್ಕೆ ಹೋಗುವುದಿಲ್ಲ. ಆ ಒತ್ತಡ ಕುಗ್ಗದಂತೆ ಮೇಲಿನ ಕೊಳವೆಗಳಿಂದ ನೀರು ಕೊಡುತ್ತಿರುತ್ತಾರೆ, ಒಳಗೆ ಜಿನುಗಿದ ನೀರನ್ನು ಪಂಪಿನಿಂದ ತೆಗೆಯುತ್ತಾರೆ.

ಪಾದೂರಿನಲ್ಲಿ 25 ಲಕ್ಷ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಸಾಮರ್ಥ್ಯವಿದೆ. ಅಂದರೆ ದೇಶದ ತುರ್ತು ಸಂಗ್ರಹದ ನಾಲ್ಕರಲ್ಲಿ ಮೂರು ಪಾಲನ್ನು ನಮ್ಮ ಕರಾವಳಿಯೇ ಹೊತ್ತಿದೆ. ಮೂರೂ ತುಂಬಿದ್ದರೆ ಒಂಬತ್ತೂವರೆ ದಿನಗಳ ಅಗತ್ಯ ತೀರುತ್ತದೆ. ತೈಲ ಕಂಪನಿಗಳ ದಾಸ್ತಾನನ್ನೂ ಸೇರಿಸಿದರೆ ಎಪ್ಪತ್ತು ದಿನಗಳನ್ನು ಮೀರುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಪೂರ್ಣ ಸದಸ್ಯರಿಂದ ಬಯಸುವುದು 90 ದಿನಗಳ ಆಮದಿಗೆ ಸಮನಾದ ಸಂಗ್ರಹವನ್ನು. ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್, ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್ ಸಾಮರ್ಥ್ಯದ ಎರಡನೇ ಹಂತಕ್ಕೆ 2021ರಲ್ಲೇ ಒಪ್ಪಿಗೆ ದೊರೆತಿದೆ. ಈ ಹಂತ ಬೇಗ ಮುಗಿಯಬೇಕು. ಆದರೆ ದೇಶದ ಭದ್ರತೆಗಾಗಿ ಗದ್ದೆ, ತೋಟ ಬಿಟ್ಟುಕೊಡುವ ನಿಮ್ಮೂರಿನವರಿಗೆ ಪರಿಹಾರ ಮೊದಲು ತಲುಪಿ ಕೆಲಸ ಆಮೇಲೆ ಆರಂಭವಾಗಬೇಕು.

ಪ್ರಶ್ನೆ: ನಮ್ಮ ಮೆಕ್ಕೆಜೋಳದಿಂದ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಪೆಟ್ರೋಲ್ ಅಗ್ಗವಾಗಲಿಲ್ಲ, ನಮ್ಮ ಜೋಳಕ್ಕೂ ಬೆಲೆ ನಿಲ್ಲಲಿಲ್ಲ. ನನ್ನ ಹಳೆಯ ಬೈಕಿನ ಮೈಲೇಜೂ ಇಳಿದಿದೆ. ಹಾಗಾದರೆ ಲಾಭ ಯಾರಿಗೆ?
— ರಾಣೆಬೆನ್ನೂರು ತಾಲ್ಲೂಕಿನ ರೈತರು

ಉತ್ತರ: ಲಾಭ ಇದೆ, ಆದರೆ ಅದು ನಿಮ್ಮವರೆಗೆ ಸರಿಯಾಗಿ ತಲುಪಿಲ್ಲ. ಪೆಟ್ರೋಲಿನಲ್ಲಿ ಶೇ 10ರಷ್ಟು ಮಿಶ್ರಣದ ಗುರಿ 2022ರ ಜೂನ್‌ನಲ್ಲಿ ಮುಟ್ಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025ಕ್ಕೆ ಹಿಂದಕ್ಕೆ ತಂದು ಅದನ್ನೂ ಸಾಧಿಸಲಾಯಿತು. ಅಷ್ಟು ಕಚ್ಚಾ ತೈಲಕ್ಕೆ ಕೊಡಬೇಕಿದ್ದ ಡಾಲರ್ ಉಳಿಯಿತು.

ಬೆಲೆಯ ಮಾತು ಬೇರೆ. ಮೆಕ್ಕೆಜೋಳದ ಎಥೆನಾಲ್‌ಗೆ ತೈಲ ಕಂಪನಿಗಳು ಲೀಟರಿಗೆ 71.86 ರೂಪಾಯಿ ಕೊಡುತ್ತವೆ. ಮೇಲೆ ಹೇಳಿದ 70 ಡಾಲರಿನ ಲೆಕ್ಕದಲ್ಲಿ ತೆರಿಗೆಗೆ ಮುಂಚಿನ ಪೆಟ್ರೋಲ್ ಬೆಲೆ 55 ರೂಪಾಯಿಯ ಒಳಗಿರುತ್ತದೆ. ದುಬಾರಿ ವಸ್ತುವನ್ನು ಬೆರೆಸಿದರೆ ಮಿಶ್ರಣ ಅಗ್ಗವಾಗಲು ಸಾಧ್ಯವಿಲ್ಲ. ಅದರ ಮೇಲೆ, ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಶೇ 20ರ ಮಿಶ್ರಣಕ್ಕೆಂದು ರೂಪಿಸದ ವಾಹನಗಳಲ್ಲಿ ಮೈಲೇಜ್ ಕುಗ್ಗುತ್ತದೆ ಎಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿತ್ತು. ಅಂಥ ವಾಹನಗಳಿಗಾಗಿ ಶೇ 10ರ ಮಿಶ್ರಣವನ್ನೂ ಬಂಕಿನಲ್ಲಿ ಉಳಿಸಬೇಕಿತ್ತು. ಇಲ್ಲವೇ ಕಳೆದುಹೋದ ಮೈಲೇಜಿಗೆ ತಕ್ಕಂತೆ ದರವನ್ನಾದರೂ ತಗ್ಗಿಸಬೇಕಿತ್ತು. ಎರಡನ್ನೂ ಮಾಡದೆ ಹೊರೆಯನ್ನು ಹಳೆಯ ಬೈಕಿನವರ ಮೇಲೆ ಬಿಟ್ಟದ್ದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಜೋಳದ ವಿಷಯ ಇನ್ನೂ ನೋವಿನದು. 2024ರಲ್ಲಿ ದೇಶದಲ್ಲಿ ಮೆಕ್ಕೆಜೋಳ ಸಾಲದೆ ಮ್ಯಾನ್ಮಾರ್ ಮತ್ತು ಉಕ್ರೇನ್‌ಗಳಿಂದ ತರಿಸಬೇಕಾಯಿತು. ಮರುವರ್ಷ ಬೆಳೆ ಹೆಚ್ಚಿದಾಗ ಮಾರುಕಟ್ಟೆಯ ದರ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು, 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಜಿಲ್ಲೆಗಳ ರೈತರು ಬೀದಿಗಿಳಿದರು. ಎಥೆನಾಲ್‌ಗೆ ಸರ್ಕಾರ ದರ ಗೊತ್ತುಮಾಡುತ್ತದೆ. ಅದಕ್ಕೆ ಕೊಡುವ ಜೋಳದ ದರವನ್ನು ಮಾತ್ರ ಮಾರುಕಟ್ಟೆಗೆ ಬಿಡುತ್ತದೆ. ಬೆಂಬಲ ಬೆಲೆಗೆ ಜೋಳ ಕೊಂಡ ದಾಖಲೆ ತೋರಿಸಿದ ಡಿಸ್ಟಿಲರಿಗೆ ಮಾತ್ರ ಪೂರ್ಣ ದರ ಎಂಬ ಷರತ್ತನ್ನು ಖರೀದಿ ಒಪ್ಪಂದದಲ್ಲೇ ಸೇರಿಸಿದರೆ, ಉಳಿದ ಡಾಲರಿನ ಒಂದು ಪಾಲು ನಿಮ್ಮ ಹೊಲಕ್ಕೆ ಬರುತ್ತದೆ. ಕಬ್ಬಿಗಿಂತ ಕಡಿಮೆ ನೀರು ಬೇಡುವ ಬೆಳೆಯನ್ನು ಪ್ರೋತ್ಸಾಹಿಸಬೇಕೆಂಬ ಮಾತಿಗೆ ಆಗ ಅರ್ಥವೂ ಇರುತ್ತದೆ.

ಪ್ರಶ್ನೆ: ಪಾವಗಡದ ಸೌರ ಪಾರ್ಕನ್ನು ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಸೌರಫಲಕಕ್ಕೆ ಬೇಕಾದ ಸಾಮಗ್ರಿ, ಬ್ಯಾಟರಿಯ ಲಿಥಿಯಂ ಎಲ್ಲ ಚೀನಾ ಕಡೆಯಿಂದಲೇ ಬರುತ್ತವೆ. ಕೊಲ್ಲಿ ದೇಶಗಳ ಬದಲು ಚೀನಾದ ಮೇಲೆ ಅವಲಂಬಿತರಾದಂತೆ ಆಗಲಿಲ್ಲವೇ? ಅಡುಗೆಗೆ ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆ ತೆಗೆದುಕೊಳ್ಳುವುದು ಲಾಭವೇ?
— ಶಿವಮೊಗ್ಗದ ನಿವೃತ್ತ ಶಿಕ್ಷಕಿ

ಉತ್ತರ: ನಿಮ್ಮ ಆತಂಕ ಸರಿಯಾದದ್ದು, ಆದರೆ ಎರಡು ಅವಲಂಬನೆಗಳೂ ಒಂದೇ ಬಗೆಯವಲ್ಲ. ಬಾವಿ ತೋಡುವ ಯಂತ್ರವನ್ನು ಪರಊರಿನಿಂದ ತಂದರೂ ಬಾವಿಯ ನೀರು ನಮ್ಮದೇ. ಕೊಲ್ಲಿಯಿಂದ ಹಡಗು ಬಾರದಿದ್ದರೆ ಕೆಲವೇ ವಾರಗಳಲ್ಲಿ ಬಂಕ್ ಬರಿದಾಗುತ್ತದೆ. ಚೀನಾ ಸರಬರಾಜು ನಿಲ್ಲಿಸಿದರೆ ಹೊಸ ಪಾರ್ಕ್ ತಡವಾಗುತ್ತದೆ, ಆದರೆ ಈಗಾಗಲೇ ಹಾಕಿದ ಫಲಕ ಸುಮಾರು 25 ವರ್ಷ ವಿದ್ಯುತ್ ಕೊಡುತ್ತಲೇ ಇರುತ್ತದೆ. ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಪಾವಗಡದ 2,050 ಮೆಗಾವಾಟ್ ಪಾರ್ಕಿಗೆ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಬರಗಾಲದ ನಾಡಿನಲ್ಲಿ ಭೂಮಿಯ ಒಡೆತನ ರೈತರಲ್ಲೇ ಉಳಿದದ್ದು ಬೇರೆ ರಾಜ್ಯಗಳೂ ಗಮನಿಸಬೇಕಾದ ಮಾದರಿ. ಆದರೂ ಸೌರಕೋಶ ಮತ್ತು ಬ್ಯಾಟರಿಯ ತಯಾರಿಕೆ ದೇಶದಲ್ಲಿ ಬೇರೂರುವವರೆಗೆ ಸ್ವಾವಲಂಬನೆ ಅರ್ಧವೇ.

ಅಡುಗೆ ಅನಿಲದಲ್ಲಿ ಸುಮಾರು ಶೇ 60ರಷ್ಟನ್ನು ಆಮದು ಮಾಡಿಕೊಳ್ಳುತ್ತೇವೆ. ಅದರ ಬಹುಪಾಲು ಬರುವುದು ಕೊಲ್ಲಿಯಿಂದ ಹೊರಬರುವ ಇಕ್ಕಟ್ಟಾದ ಸಮುದ್ರದಾರಿ ಹೊರ್ಮುಜ್ ಜಲಸಂಧಿಯ ಮೂಲಕ. ಆ ದೃಷ್ಟಿಯಿಂದ ವಿದ್ಯುತ್ ಒಲೆ ದೇಶಕ್ಕೆ ಹಿತ. 14.2 ಕಿಲೋ ಸಿಲಿಂಡರಿನಷ್ಟು ಅಡುಗೆಗೆ ಇಂಡಕ್ಷನ್ ಒಲೆ ಸರಿಸುಮಾರು 130 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದರೆ 780 ರೂಪಾಯಿ. 2025ರಲ್ಲಿ ಸಿಲಿಂಡರಿನ ಬೆಲೆ 850ರ ಸುತ್ತಮುತ್ತ ಇತ್ತು. ವ್ಯತ್ಯಾಸ ದೊಡ್ಡದೇನಲ್ಲ. ಗೃಹಜ್ಯೋತಿಯ ಫಲಾನುಭವಿಗಳಾಗಿದ್ದರೆ ಮಾತ್ರ ಎಚ್ಚರ ಬೇಕು: ನಿಮಗೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ಮೇಲೆ ಬೀಳುತ್ತದೆ. ಬಿಲ್ಲಿನಲ್ಲಿ ನಮೂದಾಗಿರುವ ನಿಮ್ಮ ಮಿತಿಯನ್ನು ನೋಡಿಕೊಂಡು, ಮಿತಿಯೊಳಗೆ ಉಳಿಯುವಷ್ಟು ಮಾತ್ರ, ಹಾಲು ಕಾಯಿಸುವುದು, ಅನ್ನ ಮಾಡುವುದು ಇಂಥ ಕೆಲಸಗಳನ್ನು ಇಂಡಕ್ಷನ್ ಮೇಲೆ ಮಾಡಿ, ಗ್ಯಾಸ್ ಸಂಪರ್ಕವನ್ನೂ ಉಳಿಸಿಕೊಳ್ಳಿ. ತಳ ಸಮತಟ್ಟಾದ, ಅಯಸ್ಕಾಂತ ಅಂಟುವ ಪಾತ್ರೆಗಳು ಬೇಕಾಗುತ್ತವೆ. ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಈ ಒಲೆಗೆ ಆಗುವುದಿಲ್ಲ.