ಒಮ್ಮೆಲೇ ಇಳಿದ ಅಂಕ

ಪ್ರಿಯ ಓದುಗರೇ,

ಖಿನ್ನತೆಗೆ ಮನೋಚಿಕಿತ್ಸೆ ಪಡೆಯುತ್ತಿರುವ ನಿಮ್ಮ ತಮ್ಮನ ಬಗ್ಗೆ ಬರೆದಿದ್ದೀರಿ. ಪ್ರತಿ ಭೇಟಿಯಲ್ಲಿ ತುಂಬುವ ಪ್ರಶ್ನಾವಳಿಯಲ್ಲಿ ನಾಲ್ಕು ವಾರ ಕದಲದಿದ್ದ ಅವರ ಖಿನ್ನತೆಯ ಅಂಕ (ಕಡಿಮೆಯಾದಷ್ಟೂ ಒಳ್ಳೆಯದು) ಐದನೇ ವಾರ ಅರ್ಧಕ್ಕಿಳಿಯಿತು. ಸಂತೋಷಪಡಲೂ ಭಯ, ಇಂಥ ತಿರುವನ್ನು ಮೊದಲೇ ಹೇಳಲಾಗದೇ ಎಂದು ಕೇಳಿದ್ದೀರಿ.

ಸಂತೋಷಪಡಿ. 1999ರಲ್ಲಿ ಮನೋವಿಜ್ಞಾನಿಗಳಾದ ಟೋನಿ ಟ್ಯಾಂಗ್ ಮತ್ತು ರಾಬರ್ಟ್ ಡಿರುಬೈಸ್, ಸಿಬಿಟಿ ಎನ್ನುವ ಅರಿವಿನ ವರ್ತನಾ ಚಿಕಿತ್ಸೆ ಪಡೆದವರ ಅಂಕಗಳನ್ನು ಒಟ್ಟು ಸರಾಸರಿ ಮಾಡದೆ ಒಬ್ಬೊಬ್ಬರದಾಗಿ ನೋಡಿದರು. 61 ಮಂದಿಯಲ್ಲಿ 24 ಜನರಿಗೆ ದೊಡ್ಡ ಸುಧಾರಣೆ ಎರಡು ಭೇಟಿಗಳ ನಡುವೆ ಒಂದೇ ನೆಗೆತದಲ್ಲಿ ಬಂದಿತ್ತು. 18 ತಿಂಗಳ ನಂತರವೂ ಅವರ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿಯೇ ಇತ್ತು. ಆದರೆ ನೆಗೆತವೆನ್ನಲು ಆ ಸಂಶೋಧಕರ ಷರತ್ತು ಬಿಗಿ: ಖಿನ್ನತೆ ಅಳೆಯುವ ಬೆಕ್ ಪ್ರಶ್ನಾವಳಿಯಲ್ಲಿ ಕನಿಷ್ಠ 7 ಅಂಕ ಇಳಿಯಬೇಕು, ಅದು ಹಿಂದಿನ ಅಂಕದ ಕಾಲುಭಾಗವಾದರೂ ಆಗಿರಬೇಕು, ಮುಂದಿನ ಭೇಟಿಗಳಲ್ಲೂ ಆ ಇಳಿಕೆ ಉಳಿದಿರಬೇಕು. ಅಂದರೆ ತಿರುವು ಖಚಿತವಾಗುವುದು ಅದು ಕಳೆದ ಮೇಲೆಯೇ! ಇನ್ನೆರಡು ಮೂರು ವಾರ ನೋಡಿ.

ಮೊದಲೇ ಹೇಳುವ ವಿಷಯದಲ್ಲಿ ನನ್ನ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ. ನೆಗೆತಕ್ಕೆ ಹಿಂದಿನ ಭೇಟಿಯಲ್ಲಿ ರೋಗಿಯ ಆಲೋಚನೆ ಬದಲಾಗಿತ್ತೆಂದು ಆ ಇಬ್ಬರು ಕಂಡರು. ಆದರೆ ಔಷಧಾಂಶವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಇಂಥ ನೆಗೆತಗಳು ಕಂಡಿವೆ, ಹಾಗಾಗಿ ಕಾರಣ ಅಷ್ಟು ಸರಳವಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಖಿನ್ನತೆಯ ಮಾತ್ರೆ ಕಡಿಮೆ ಮಾಡುತ್ತಿದ್ದ ಒಬ್ಬ ವ್ಯಕ್ತಿ ದಿನಕ್ಕೆ ಹಲವು ಬಾರಿ ತನ್ನ ಮನಸ್ಥಿತಿ ದಾಖಲಿಸುತ್ತಿದ್ದ. ಖಿನ್ನತೆ ಮರಳುವ ಮುನ್ನವೇ ಅವನ ಭಾವನೆಗಳ ಏರಿಳಿತ ಹೆಚ್ಚಿತ್ತು, ಒಮ್ಮೆ ಬಂದ ಭಾವ ಬೇಗ ಬಿಡುತ್ತಿರಲಿಲ್ಲ. ಆಸೆ ಹುಟ್ಟಿಸುವ ಸುಳಿವೇ. ಆದರೆ ಹೆಚ್ಚು ಜನರಲ್ಲಿ ಹುಡುಕಿದಾಗ ಅದು ಕೆಲವರಲ್ಲಷ್ಟೇ ಸಿಕ್ಕಿತು. ಮೊಬೈಲ್ ಆ್ಯಪ್ ಮುನ್ಸೂಚನೆ ಕೊಡುತ್ತೇನೆಂದರೆ ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ.

ಹದಗೆಡುವುದನ್ನು ಗುರುತಿಸುವ ಲೆಕ್ಕ ಮಾತ್ರ ಇದಕ್ಕಿಂತ ಗಟ್ಟಿ. 2005ರ ಒಂದು ಅಧ್ಯಯನದಲ್ಲಿ ಚಿಕಿತ್ಸಕರು 550 ಜನರಲ್ಲಿ ಮೂವರಷ್ಟೇ ಹದಗೆಡುವರೆಂದು ಊಹಿಸಿದ್ದರು, ಹದಗೆಟ್ಟವರು 40. ಪ್ರತಿ ಭೇಟಿಯ ಅಂಕಗಳನ್ನು ಹೋಲಿಸುವ ಸೂತ್ರ ಅವರಲ್ಲಿ 36 ಮಂದಿಯನ್ನು ಗುರುತಿಸಿತ್ತು, ಜೊತೆಗೆ ಸಾಕಷ್ಟು ಸುಳ್ಳು ಎಚ್ಚರಿಕೆಗಳನ್ನೂ ಕೊಟ್ಟಿತ್ತು. ಆದ್ದರಿಂದ ನಿಮ್ಮ ತಮ್ಮ ಆ ಪ್ರಶ್ನಾವಳಿಯನ್ನು ಬೇಸರವಾದರೂ ತಪ್ಪದೆ ತುಂಬಲಿ. ಅಂಕ ಎಷ್ಟಾಯಿತೆಂದು ನೀವು ದಿನವೂ ಕೇಳುವುದು ಮಾತ್ರ ಬೇಡ.

ಒಂದು ವಾರ ಅಂಕ ಏರಿದರೆ ಚಿಕಿತ್ಸೆ ಸೋತಿತೆಂದಲ್ಲ. ನೋವಿನ ವಿಷಯಗಳನ್ನು ಕೆದಕುವ ಹಂತದಲ್ಲಿ ತಾತ್ಕಾಲಿಕವಾಗಿ ಏರಿ, ಬಳಿಕ ಚೆನ್ನಾಗಿ ಇಳಿದದ್ದೂ ಉಂಟು. ಆದರೆ ಸಾವಿನ ಯೋಚನೆ ಇದೆಯೆಂದು ತಮ್ಮ ಹೇಳಿದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಚಿಕಿತ್ಸಕರಿಗೆ ತಿಳಿಸಿ. ಅವರು ಸಿಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

– ಸಂ.