ಚೀಟಿ ಕೇಳಿದ್ದಕ್ಕೆ ಚಕ್ರದ ಗಾಳಿ ಹೋಯಿತು

ಪ್ರಶ್ನೆ: ಕಳೆದ ತಿಂಗಳು ಕಲಬುರಗಿಯ ಸೂಪರ್ ಮಾರ್ಕೆಟ್ ಸಮೀಪ ರಸ್ತೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಬಟ್ಟೆ ಅಂಗಡಿಗೆ ಹೊರಟಿದ್ದಾಗ, ಕೊರಳಿಗೆ ಸೀಟಿ ಹಾಕಿಕೊಂಡಿದ್ದ ಯುವಕನೊಬ್ಬ ಬಂದು ಇಪ್ಪತ್ತು ರೂಪಾಯಿ ಕೇಳಿದ. ಅವನು ಹರಿದು ಕೊಟ್ಟ ಗುಲಾಬಿ ಚೀಟಿಯಲ್ಲಿ ‘ವಾಹನ ನಿಲುಗಡೆ ಶುಲ್ಕ’ ಎಂಬುದನ್ನು ಬಿಟ್ಟರೆ ಪಾಲಿಕೆಯ ಹೆಸರಾಗಲಿ, ಗುತ್ತಿಗೆದಾರರ ಹೆಸರಾಗಲಿ, ಕ್ರಮ ಸಂಖ್ಯೆಯಾಗಲಿ ಇರಲಿಲ್ಲ. ‘ಇದು ಯಾರ ಚೀಟಿ’ ಎಂದು ಕೇಳಿ, ಹಣ ಕೊಡದೆ ಮುಂದೆ ಹೋದೆ. ‘ಗಾಡಿಗಿ ಏನರೆ ಆದ್ರ ನಮಗ ಗೊತ್ತಿಲ್ಲ ನೋಡ್ರಿ’ ಎಂದ. ಮುಕ್ಕಾಲು ಗಂಟೆಯ ನಂತರ ಬಂದಾಗ ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ, ಅವನೂ ಇರಲಿಲ್ಲ. ಬಿಸಿಲಿನಲ್ಲಿ ಸ್ಕೂಟರ್ ತಳ್ಳಿಕೊಂಡು ಹೋಗುವಾಗ ‘ಇಪ್ಪತ್ತು ರೂಪಾಯಿಗೆ ಜಗಳ ಯಾಕೆ ಬೇಕಿತ್ತು’ ಎಂದು ಹೆಂಡತಿ ಅಂದಳು. ನಾನು ಮಾಡಿದ್ದು ತಪ್ಪೇ? ಇಂಥವರನ್ನು ಎದುರಿಸುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ತಪ್ಪಲ್ಲ. ನೀವು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಗದಿದ್ದಾಗ ಸ್ಕೂಟರನ್ನು ಅಲ್ಲಿಯೇ, ಅವನ ಕಣ್ಣೆದುರಿಗೇ ಬಿಟ್ಟು ಹೋದದ್ದೊಂದೇ ಎಡವಟ್ಟಾಯಿತು.

ಮೊದಲು ಜಾಗ ಯಾರದ್ದೆಂದು ನೋಡಬೇಕು. ರೈಲು ನಿಲ್ದಾಣದ ಆವರಣ ರೈಲ್ವೆಯದು, ಬಸ್ ನಿಲ್ದಾಣದ ಆವರಣ ಸಾರಿಗೆ ನಿಗಮದ್ದು. ಅಲ್ಲಿ ಅವರೇ ಟೆಂಡರ್ ಕರೆದು ಗುತ್ತಿಗೆದಾರರನ್ನು ನೇಮಿಸುತ್ತಾರೆ, ದರದ ಫಲಕ ಹಾಕಿರುತ್ತಾರೆ. ಶರಣಬಸವೇಶ್ವರರ ಜಾತ್ರೆಯಲ್ಲಿ ಅಥವಾ ಬಂದೇನವಾಜರ ಉರುಸಿನಲ್ಲಿ ಖಾಲಿ ನಿವೇಶನದ ಮಾಲೀಕರು ತಮ್ಮ ಜಾಗದಲ್ಲಿ ಗಾಡಿ ನಿಲ್ಲಿಸಲು ಹಣ ಕೇಳಿದರೆ ಅದು ಅವರ ನಿಮ್ಮ ನಡುವಿನ ವ್ಯವಹಾರ. ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ಹೋಗಬಹುದು. ಆದರೆ ಅದೇ ನಿವೇಶನದ ಮುಂದಿನ ರಸ್ತೆ ಅವರದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮಿನ ಪ್ರಕಾರ ವಾಹನ ನಿಲುಗಡೆಯ ಸ್ಥಳಗಳನ್ನು ಗೊತ್ತುಪಡಿಸುವವರು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರದವರು, ಅದೂ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ. ಆದ್ದರಿಂದ ಪಾಲಿಕೆಯ ರಸ್ತೆಯಲ್ಲಿ ಹಣ ಕೇಳುವವನ ಹಿಂದೆ ಒಂದು ಆದೇಶ, ಒಂದು ಅವಧಿ, ಒಂದು ನಿಗದಿತ ದರ ಇರಲೇಬೇಕು. ಕೊರಳಿಗೆ ಸೀಟಿ ಹಾಕಿಕೊಂಡವನೆಲ್ಲ ಗುತ್ತಿಗೆದಾರನಲ್ಲ.

ಗಾಡಿಯ ಸ್ಟ್ಯಾಂಡ್ ಹಾಕುವ ಮೊದಲೇ, ದನಿ ಏರಿಸದೆ, ‘ಗುತ್ತಿಗೆ ಯಾರ ಹೆಸರಿನಲ್ಲಿದೆ? ಗುರುತಿನ ಚೀಟಿ ತೋರಿಸಿರಿ, ದರದ ಫಲಕ ಎಲ್ಲಿದೆ?’ ಎಂದು ಕೇಳಿರಿ. ನಿಜವಾದ ಗುತ್ತಿಗೆದಾರನ ಆಳಿಗೆ ಈ ಪ್ರಶ್ನೆ ಹೊಸದಲ್ಲ. ಅವನು ಬೇಸರದಿಂದಲಾದರೂ ತೋರಿಸುತ್ತಾನೆ. ತೋರಿಸದೆ ದಬಾಯಿಸಿದರೆ ಹಣವನ್ನೂ ಕೊಡಬೇಡಿ, ಗಾಡಿಯನ್ನೂ ಅಲ್ಲಿ ಬಿಡಬೇಡಿ. ಚೀಟಿಯ ಫೋಟೊ ತೆಗೆದುಕೊಂಡು ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಳ್ಳಿ. ಇನ್ನೊಂದು ಮಾತು: ಆ ಜಾಗ ನಿಲುಗಡೆ ನಿಷೇಧಿತವಾಗಿದ್ದರೆ, ಸೀಟಿಯವನಿಗೆ ಇಪ್ಪತ್ತು ಕೊಟ್ಟಿದ್ದೀರೆಂದು ಸಂಚಾರ ಪೊಲೀಸರು ದಂಡ ಬಿಡುವುದಿಲ್ಲ.

ಕೆಲವೊಮ್ಮೆ ಮನೆಯವರು ಜೊತೆಗಿರುತ್ತಾರೆ, ಕತ್ತಲಾಗಿರುತ್ತದೆ, ಎದುರಿಗೆ ನಾಲ್ಕು ಜನರಿರುತ್ತಾರೆ. ಆಗ ಕೊಟ್ಟು ಹೊರಡುವುದು ಹೇಡಿತನವಲ್ಲ. ಆದರೆ ನಗದು ಕೊಡದೆ ಮೊಬೈಲಿನಿಂದ ಕೊಡಿ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಮೂಡುತ್ತದೆ. ಪಾಲಿಕೆಯ ಶುಲ್ಕ ಯಾರೋ ಒಬ್ಬರ ಸ್ವಂತ ಖಾತೆಗೆ ಏಕೆ ಹೋಗುತ್ತಿದೆ ಎಂಬ ಪ್ರಶ್ನೆಗೆ ಅದೇ ಪುರಾವೆ. ಟಿಪ್ಪಣಿಯ ಜಾಗದಲ್ಲಿ ರಸ್ತೆಯ ಹೆಸರನ್ನೂ ಬರೆದಿಡಿ.

‘ಗಾಡಿಗಿ ಏನರೆ ಆದ್ರ’ ಎಂಬ ಮಾತು ಬಂದಲ್ಲಿಗೆ ವಿಷಯ ಪಾರ್ಕಿಂಗ್ ಶುಲ್ಕದ್ದಾಗಿ ಉಳಿಯುವುದಿಲ್ಲ. ಹಾನಿಯ ಭಯ ಹುಟ್ಟಿಸಿ ಹಣ ಕೀಳುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನಡಿ ಸುಲಿಗೆಯಾಗುತ್ತದೆ. ಅದಕ್ಕೆ ಏಳು ವರ್ಷಗಳವರೆಗೆ ಶಿಕ್ಷೆ ಉಂಟು. ಸುಳ್ಳು ಚೀಟಿ ಕೊಟ್ಟು ನಂಬಿಸಿ ಹಣ ಪಡೆದರೆ 318ನೆಯ ಕಲಮಿನ ವಂಚನೆ. ಹ್ಯಾಂಡಲ್ ಹಿಡಿದು ನಿಮ್ಮನ್ನು ಹೋಗಗೊಡದಿದ್ದರೆ 126ನೆಯ ಕಲಮಿನ ಅಕ್ರಮ ತಡೆ. ಈ ಸಂಖ್ಯೆಗಳನ್ನು ಅವನ ಮುಂದೆ ಒಪ್ಪಿಸಬೇಕಾಗಿಲ್ಲ, ಒಪ್ಪಿಸಿದರೆ ಜಗಳವೇ ಬೆಳೆಯುತ್ತದೆ. ಠಾಣೆಗೆ ಕೊಡುವ ದೂರಿನಲ್ಲಿ ಅವನಾಡಿದ ಮಾತನ್ನು ಇದ್ದ ಹಾಗೆಯೇ ಬರೆದರೆ ಸಾಕು. ಸ್ಥಳದಲ್ಲಿಯೇ ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಿ. ನಿಮ್ಮ ಚಕ್ರದ ಗಾಳಿ ಬಿಟ್ಟವನು ಅವನೇ ಎಂದು ಈಗ ಸಾಬೀತುಪಡಿಸುವುದು ಕಷ್ಟ. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ದಾಖಲಾಗಿದ್ದರೂ ಅಂಥ ದೃಶ್ಯಗಳು ಸಾಮಾನ್ಯವಾಗಿ ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ ಉಳಿಯುತ್ತವೆ. ಅದನ್ನು ಅಂದೇ ಕೇಳಬೇಕಾಗಿತ್ತು.

ಈಗಲೂ ಮಾಡಬಹುದಾದ ಕೆಲಸ ಒಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಹಾನಗರ ಪಾಲಿಕೆಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ನಡೆದ ಕಥೆಯನ್ನೆಲ್ಲ ಬರೆಯದೆ, ಇಂಥ ರಸ್ತೆಯಲ್ಲಿ ನಿಲುಗಡೆ ಶುಲ್ಕ ವಸೂಲಿಯನ್ನು ಗುತ್ತಿಗೆಗೆ ಕೊಡಲಾಗಿದೆಯೇ, ಯಾರಿಗೆ, ಎಲ್ಲಿಯವರೆಗೆ, ಯಾವ ದರಕ್ಕೆ ಎಂದಷ್ಟೇ ಕೇಳಿ, ಆದೇಶದ ಪ್ರತಿ ಕೋರಿರಿ. 30 ದಿನಗಳೊಳಗೆ ಉತ್ತರ ಬರಬೇಕು. ಅದರ ಜೆರಾಕ್ಸ್ ಪ್ರತಿಯೊಂದು ನಿಮ್ಮ ಸ್ಕೂಟರಿನ ಡಿಕ್ಕಿಯಲ್ಲಿದ್ದರೆ ಮುಂದಿನ ಸಲ ಮಾತು ಗಿಡ್ಡದಾಗುತ್ತದೆ. ಅರ್ಜಿಯ ಗೊಡವೆ ಬೇಡವೆನ್ನುವವರು ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಡಬಹುದು.

ಮಾರುಕಟ್ಟೆಗಳಲ್ಲಿ ಕೆಲವು ಮುದುಕರು ಗಾಡಿಗಳನ್ನು ಸಾಲಾಗಿ ಹೊಂದಿಸಿ, ಸೀಟು ಕಾಯದಿರಲೆಂದು ರಟ್ಟಿನ ತುಂಡು ಹೊದಿಸಿ, ಹೊರಡುವಾಗ ನೀವು ಕೊಟ್ಟಷ್ಟು ಇಸಿದುಕೊಳ್ಳುತ್ತಾರೆ. ಕೊಡದಿದ್ದರೂ ಏನೂ ಅನ್ನುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಆ ರಟ್ಟಿನ ಬೆಲೆ ಗೊತ್ತಿರುವ ನಾನು ಅವರಿಗೆ ಎಂದೂ ಚೀಟಿ ಕೇಳಿಲ್ಲ.

ಪ್ರಶ್ನೆ: ಖಾಸಗಿ ವಾಹನ ನಿಲುಗಡೆಯೊಂದರಲ್ಲಿ ಶುಲ್ಕದ ಚೀಟಿಯ ಹಿಂದೆ ‘ವಾಹನ ಕಳುವಾದರೆ ನಾವು ಹೊಣೆಯಲ್ಲ’ ಎಂದು ಮುದ್ರಿಸಿದ್ದಾರೆ. ಹಾಗಾದರೆ ಹಣ ಯಾತಕ್ಕೆ?
– ಓದುಗರು, ಬೀದರ್

ಉತ್ತರ: ಕೀಲಿಕೈ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಹೆಚ್ಚಿನದು ನಿಂತಿದೆ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಗೆ ಕೀಲಿಕೈ ಕೊಟ್ಟು ಬಿಟ್ಟಿದ್ದ ಮಾರುತಿ ಝೆನ್ ಕಾರು 1998ರಲ್ಲಿ ಕಳುವಾಗಿತ್ತು. ಕೀಲಿಕೈ ಪಡೆದು ವಾಹನವನ್ನು ವಶಕ್ಕೆ ತೆಗೆದುಕೊಂಡವರು ತಮ್ಮ ನಿರ್ಲಕ್ಷ್ಯದಿಂದಾದ ಕಳುವಿಗೆ ಚೀಟಿಯ ಹಿಂದಿನ ಒಕ್ಕಣೆಯನ್ನು ತೋರಿಸಿ ನುಣುಚಿಕೊಳ್ಳುವಂತಿಲ್ಲ, ಎಚ್ಚರಿಕೆ ವಹಿಸಿದ್ದೆವೆಂದು ಅವರೇ ತೋರಿಸಿಕೊಡಬೇಕು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ಹೇಳಿತು. ಕೀಲಿಕೈ ನಿಮ್ಮ ಜೇಬಿನಲ್ಲಿಯೇ ಇದ್ದು ಜಾಗಕ್ಕೆ ಮಾತ್ರ ಹಣ ಕೊಟ್ಟಿದ್ದರೆ ವಾದ ಅಷ್ಟು ಸಲೀಸಲ್ಲ. ಕಾವಲುಗಾರ, ಗೇಟು, ಹೊರಹೋಗುವಾಗ ಚೀಟಿಯ ತಪಾಸಣೆ ಇದ್ದವೇ ಎಂಬುದನ್ನು ನೋಡಬೇಕಾಗುತ್ತದೆ. ಎರಡೂ ಸಂದರ್ಭದಲ್ಲಿ ಚೀಟಿಯನ್ನು ಹರಿದು ಎಸೆಯದೆ ಇಟ್ಟುಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು.